ವಿಕ್ರಮ್ ಸಾರಾಭಾಯಿ: ನಮ್ಮ ಮನೆಯ ಡಿಶ್ ದಕ್ಷಿಣಕ್ಕೆ ಮುಖ ಮಾಡಿರುವುದರ ಹಿಂದಿನ ಬದುಕು

ನಿಮ್ಮ ಬೀದಿಯ ಮನೆಗಳ ತಾರಸಿಯ ಮೇಲಿರುವ ಡಿಶ್ ಆಂಟೆನಾಗಳನ್ನು ಒಮ್ಮೆ ಗಮನಿಸಿ. ಒಂದೇ ಕಂಪನಿಯ ಡಿಶ್‌ಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಬೇರೆ ಕಂಪನಿಯದಾದರೆ ಕೋನ ಸ್ವಲ್ಪ ಬದಲಾಗಬಹುದು, ಆದರೂ ಕರ್ನಾಟಕದಲ್ಲಿ ಅವೆಲ್ಲ ದಕ್ಷಿಣದ ಕಡೆಗೇ ವಾಲಿರುತ್ತವೆ. ಒಂದೂ ಉತ್ತರಕ್ಕೆ ತಿರುಗಿರುವುದಿಲ್ಲ. ಇದು ವಾಸ್ತು ಶಾಸ್ತ್ರದ ಲೆಕ್ಕವಲ್ಲ. ಟಿವಿ ಸಿಗ್ನಲ್ ಕಳಿಸುವ ಉಪಗ್ರಹಗಳು ಸಮಭಾಜಕ ವೃತ್ತದ ನೇರಕ್ಕೆ, ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿವೆ. ನಾವಿರುವುದು ಸಮಭಾಜಕದ ಉತ್ತರಕ್ಕೆ. ಹಾಗಾಗಿ ನಮ್ಮ ಡಿಶ್ ದಕ್ಷಿಣಕ್ಕೆ ನೋಡಲೇಬೇಕು.

ಭಾರತದ ಹಳ್ಳಿಗಳಿಗೆ ಟಿವಿ ತಲುಪಿಸಲು ಇಂಥ ಉಪಗ್ರಹವೇ ಸರಿಯಾದ ದಾರಿ ಎಂದು, ದೇಶದ ಹತ್ತಿರ ಒಂದೂ ಉಪಗ್ರಹ ಇಲ್ಲದಿದ್ದ ಕಾಲದಲ್ಲಿ ಹಟ ಹಿಡಿದವರು ವಿಕ್ರಮ್ ಸಾರಾಭಾಯಿ. ಇಂದಿನ ಮಕ್ಕಳಿಗೆ ಆ ಹೆಸರು ಗೊತ್ತಿರುವುದು ಚಂದ್ರಯಾನದ ಲ್ಯಾಂಡರ್‌ನಿಂದ. ಭಾರತದ ಮೊದಲ ಉಪಗ್ರಹವನ್ನು ಹಾರಿಸಿದವರು ಅವರೇ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ನಮ್ಮ ಮೊದಲ ಉಪಗ್ರಹ ಆರ್ಯಭಟ ಮೇಲೇರಿದ್ದು 1975ರ ಏಪ್ರಿಲ್ 19ರಂದು. ಸಾರಾಭಾಯಿ ತೀರಿಕೊಂಡಿದ್ದು 1971ರ ಡಿಸೆಂಬರ್ 30ರಂದು. ತಾವು ಕನಸು ಕಂಡ ಒಂದೇ ಒಂದು ಭಾರತೀಯ ಉಪಗ್ರಹವನ್ನೂ ಅವರು ಕಣ್ಣಾರೆ ನೋಡಲಿಲ್ಲ. ಹಾಗಿದ್ದರೆ ಅವರು ಮಾಡಿದ್ದೇನು? ಈ ಲೇಖನದಲ್ಲಿ ಅದನ್ನೇ ನೋಡೋಣ.

ಅಹಮದಾಬಾದಿನಿಂದ ಬೆಂಗಳೂರಿಗೆ

ವಿಕ್ರಮ್ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನ ಬಟ್ಟೆ ಗಿರಣಿ ಮಾಲೀಕರ ಮನೆಯಲ್ಲಿ. ತಂದೆ ಅಂಬಾಲಾಲ್, ತಾಯಿ ಸರಳಾದೇವಿ. ಎಂಟು ಜನ ಮಕ್ಕಳಿದ್ದ ಶ್ರೀಮಂತ ಕುಟುಂಬ. ಮಕ್ಕಳನ್ನು ಹೊರಗಿನ ಶಾಲೆಗೆ ಕಳಿಸುವ ಬದಲು ಮನೆಯಲ್ಲೇ ಶಾಲೆ ನಡೆಸಿದರು. ಸ್ವಾತಂತ್ರ್ಯ ಚಳವಳಿಯ ನಾಯಕರು ಬಂದುಹೋಗುತ್ತಿದ್ದ ಮನೆ ಅದು.

1937ರಲ್ಲಿ ಅವರು ಕೇಂಬ್ರಿಜ್‌ಗೆ ಹೋಗಿ ಸೇಂಟ್ ಜಾನ್ಸ್ ಕಾಲೇಜು ಸೇರಿದರು. 1940ರಲ್ಲಿ ಪದವಿ ಮುಗಿಯುವ ಹೊತ್ತಿಗೆ ಎರಡನೇ ಮಹಾಯುದ್ಧ ಶುರುವಾಗಿತ್ತು. ಊರಿಗೆ ಮರಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಮಾತಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಬಂದರು. ಅಲ್ಲಿ ಸಿ.ವಿ. ರಾಮನ್ ಅವರ ಮಾರ್ಗದರ್ಶನ ಸಿಕ್ಕಿತು. ಹೋಮಿ ಭಾಭಾ ಕೂಡ ಅದೇ ಕಾಲದಲ್ಲಿ ಅಲ್ಲಿದ್ದರು. ಮುಂದೆ ಮದುವೆಯಾದ ನೃತ್ಯಗಾರ್ತಿ ಮೃಣಾಲಿನಿ ಸ್ವಾಮಿನಾಥನ್ ಅವರ ಪರಿಚಯವಾದದ್ದೂ ಬೆಂಗಳೂರಿನಲ್ಲೇ. 1942ರಲ್ಲಿ ಅವರ ಮದುವೆ ನಡೆಯಿತು.

ಬೆಂಗಳೂರಿನಲ್ಲಿ ಅವರು ಹಿಡಿದ ವಿಷಯ ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಸದಾ ಭೂಮಿಗೆ ಬಂದು ಬಡಿಯುವ ಅತಿ ವೇಗದ ಕಣಗಳು. ಇವು ಹಗಲು ರಾತ್ರಿ ಒಂದೇ ಪ್ರಮಾಣದಲ್ಲಿ ಬರುತ್ತವೆಯೇ? ಸೂರ್ಯನಿಂದ ಅವುಗಳ ಮೇಲೆ ಪರಿಣಾಮ ಆಗುತ್ತದೆಯೇ? ಇಂಥ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಸಮಭಾಜಕದ ಹತ್ತಿರದ ಜಾಗಗಳಲ್ಲಿ ಅಳತೆ ತೆಗೆಯಬೇಕು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ, ಉಷ್ಣವಲಯದ ಕಾಸ್ಮಿಕ್ ಕಿರಣಗಳ ಬಗ್ಗೆಯೇ 1947ರಲ್ಲಿ ಡಾಕ್ಟರೇಟ್ ಪಡೆದರು.

ಒಂದೇ ಕೈಯಲ್ಲಿ ಹತ್ತು ಸಂಸ್ಥೆ

ವಾಪಸ್ ಬಂದಾಗ ಅವರಿಗೆ 28 ವರ್ಷ. ಅದೇ 1947ರ ನವೆಂಬರ್‌ನಲ್ಲಿ, ಅಹಮದಾಬಾದಿನ ಒಂದು ವಿಜ್ಞಾನ ಕಾಲೇಜಿನ ಕೆಲವು ಕೋಣೆಗಳಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. ಹವಾಮಾನ ವಿಜ್ಞಾನಿ ಕೆ.ಆರ್. ರಾಮನಾಥನ್ ಅದರ ಮೊದಲ ನಿರ್ದೇಶಕರು. ನಮ್ಮ ಉಡುಪಿಯ ಅದಮಾರಿನ ಯು.ಆರ್. ರಾವ್ ಮುಂದೆ ಇಲ್ಲಿಯೇ ಸಾರಾಭಾಯಿ ಅವರ ಶಿಷ್ಯರಾಗಿ ಸಂಶೋಧನೆ ಮಾಡಿದರು.

ಅದೇ ಸುಮಾರಿಗೆ ಬಟ್ಟೆ ಗಿರಣಿಗಳಿಗಾಗಿ ಅಟೀರಾ ಎಂಬ ಸಂಶೋಧನಾ ಸಂಘ ಕಟ್ಟಿದರು. 1949ರಲ್ಲಿ ಮೃಣಾಲಿನಿ ಅವರೊಂದಿಗೆ ದರ್ಪಣ ನೃತ್ಯ ಸಂಸ್ಥೆ, ಆಮೇಲೆ ಮಾರುಕಟ್ಟೆ ಸಮೀಕ್ಷೆ ಮಾಡುವ ಒಂದು ಸಂಸ್ಥೆ, 1961ರಲ್ಲಿ ಅಹಮದಾಬಾದಿನ ಐಐಎಂ. ಜೊತೆಗೆ ಮನೆತನದ ಔಷಧ ಕಂಪನಿಯ ಜವಾಬ್ದಾರಿಯೂ ಇತ್ತು.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇವೆ ಎಂದರೆ, ಅಟೀರಾದ ಅನುಭವ ಮುಂದಿನ ಕಥೆಗೆ ಬೇಕು. ಗಿರಣಿಗೆ ಹೊಸ ಯಂತ್ರ ತಂದರಷ್ಟೇ ಸಾಲದು, ಅದನ್ನು ಬಳಸುವವರ ಅಭ್ಯಾಸವೂ ಬದಲಾಗಬೇಕು ಎಂಬುದನ್ನು ಅವರು ಅಲ್ಲಿ ಹತ್ತಿರದಿಂದ ಕಂಡಿದ್ದರು. ಉಪಗ್ರಹದ ವಿಷಯದಲ್ಲೂ ಅವರ ಮೊದಲ ಪ್ರಶ್ನೆ ರಾಕೆಟ್ ಎಷ್ಟು ದೊಡ್ಡದು ಎಂಬುದಾಗಿರಲಿಲ್ಲ, ಅದರಿಂದ ಯಾರಿಗೆ ಏನು ತಲುಪುತ್ತದೆ ಎಂಬುದಾಗಿತ್ತು.

ತುಂಬಾ ಎಂಬ ಮೀನುಗಾರರ ಊರು

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗಾಗಿ ಒಂದು ರಾಷ್ಟ್ರೀಯ ಸಮಿತಿ ರಚನೆಯಾಯಿತು, ಸಾರಾಭಾಯಿ ಅದರ ಅಧ್ಯಕ್ಷರಾದರು. ಮೊದಲು ಹುಡುಕಿದ್ದು ರಾಕೆಟ್ ಹಾರಿಸಲು ಒಂದು ಜಾಗ. ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿ ಆಯ್ಕೆಯಾಯಿತು. ಕಾರಣ, ಭೂಮಿಯ ಕಾಂತೀಯ ಸಮಭಾಜಕ ಆ ಊರಿನ ಹತ್ತಿರ ಹಾದುಹೋಗುತ್ತದೆ. ಅಲ್ಲಿ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಹಗಲು ಹೊತ್ತು ವಿದ್ಯುತ್ ಪ್ರವಾಹವೊಂದು ಹರಿಯುತ್ತದೆ. ಬಲೂನು ಅಷ್ಟು ಮೇಲಕ್ಕೆ ಹೋಗುವುದಿಲ್ಲ, ಉಪಗ್ರಹ ಅಷ್ಟು ಕೆಳಗೆ ಉಳಿಯುವುದಿಲ್ಲ. ಅದನ್ನು ಅಳೆಯಲು ರಾಕೆಟ್ಟೇ ಬೇಕು.

ಆ ಜಾಗದಲ್ಲಿ ಸೇಂಟ್ ಮೇರಿ ಮ್ಯಾಗ್ಡಲಿನ್ ಚರ್ಚ್ ಇತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರ ಮುಂದಾಳತ್ವದಲ್ಲಿ ಊರಿನವರು ಜಾಗ ಬಿಟ್ಟುಕೊಟ್ಟು ಬೇರೆಡೆಗೆ ಹೋದರು. ಚರ್ಚ್ ಕಟ್ಟಡವೇ ಮೊದಲ ಕಚೇರಿಯಾಯಿತು, ಈಗ ಅದು ಬಾಹ್ಯಾಕಾಶ ವಸ್ತುಸಂಗ್ರಹಾಲಯ. 1963ರ ನವೆಂಬರ್ 21ರ ಸಂಜೆ ಅಲ್ಲಿಂದ ಮೊದಲ ರಾಕೆಟ್ ಹಾರಿತು. ರಾಕೆಟ್ ಅಮೆರಿಕದ್ದು, ಒಳಗಿದ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ಆಕಾಶದಲ್ಲಿ ಕಿತ್ತಳೆ ಬಣ್ಣದ ಮೋಡ ಕಂಡಿತು.

ಉಪಗ್ರಹ ಬೀಳುವುದಿಲ್ಲ ಏಕೆ?

ಇಲ್ಲಿ ಸ್ವಲ್ಪ ನಿಂತು ಉಪಗ್ರಹದ ವಿಷಯ ತಿಳಿದುಕೊಳ್ಳೋಣ. ಅಷ್ಟು ಎತ್ತರದಲ್ಲಿ ಗುರುತ್ವಾಕರ್ಷಣೆಯೇ ಇಲ್ಲ, ಅದಕ್ಕೇ ಉಪಗ್ರಹ ಬೀಳುವುದಿಲ್ಲ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಸರಿಯಲ್ಲ. ಅಲ್ಲಿಯೂ ನೆಲದ ಮೇಲಿನ ಗುರುತ್ವದ ಸುಮಾರು 44ನೇ ಒಂದು ಭಾಗ ಇದ್ದೇ ಇದೆ. ಉಪಗ್ರಹ ಬೀಳುತ್ತಲೇ ಇರುತ್ತದೆ. ಆದರೆ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೂ ಓಡುತ್ತಿರುವುದರಿಂದ ಭೂಮಿಗೆ ತಾಗದೆ ಸುತ್ತು ಹಾಕುತ್ತದೆ.

ಕಕ್ಷೆ ಎತ್ತರವಾದಷ್ಟೂ ಒಂದು ಸುತ್ತಿಗೆ ಹೆಚ್ಚು ಸಮಯ ಬೇಕು. 35,786 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಹಿಡಿಯುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ಮುಗಿಸಲೂ ಅಷ್ಟೇ ಸಮಯ. ಇಬ್ಬರೂ ಜೊತೆಯಲ್ಲೇ ತಿರುಗುವುದರಿಂದ ನೆಲದಲ್ಲಿ ನಿಂತವರಿಗೆ ಉಪಗ್ರಹ ಒಂದೇ ಕಡೆ ನಿಂತಂತೆ ಕಾಣುತ್ತದೆ. ಇದೇ ಭೂಸ್ಥಿರ ಕಕ್ಷೆ. ಇಂಥ ಮೂರು ಉಪಗ್ರಹಗಳಿದ್ದರೆ ಹೆಚ್ಚುಕಡಿಮೆ ಇಡೀ ಭೂಮಿಗೆ ಸಂಪರ್ಕ ಕೊಡಬಹುದು ಎಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು. 1964ರಲ್ಲಿ ಸಿನ್‌ಕಾಮ್ 3 ಎಂಬ ಉಪಗ್ರಹ ಟೋಕಿಯೋ ಒಲಿಂಪಿಕ್ಸ್ ಚಿತ್ರಗಳನ್ನು ಅಮೆರಿಕಕ್ಕೆ ದಾಟಿಸಿ ಅದನ್ನು ತೋರಿಸಿಕೊಟ್ಟಿತು.

ಬಡ ದೇಶಕ್ಕೆ ಉಪಗ್ರಹ ಬೇಕೇ?

ಆಗ ನಮ್ಮ ದೇಶದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ, ಅದೂ 1959ರಿಂದ. ಮಳೆ ಕೈಕೊಟ್ಟು ವಿದೇಶದಿಂದ ಗೋಧಿ ತರಿಸಿಕೊಳ್ಳುತ್ತಿದ್ದ ವರ್ಷಗಳವು. ಊಟಕ್ಕೇ ಕಷ್ಟವಿರುವಾಗ ರಾಕೆಟ್, ಉಪಗ್ರಹ ಎಂದು ಹಣ ಸುರಿಯುವುದು ಸರಿಯೇ ಎಂದು ಕೇಳಿದವರಿದ್ದರು. ಆ ಪ್ರಶ್ನೆ ನ್ಯಾಯವಾದದ್ದೇ.

ಸಾರಾಭಾಯಿ ಅದನ್ನು ಲೆಕ್ಕವಾಗಿ ನೋಡಿದರು. ಮಾಮೂಲಿ ದಾರಿಯಲ್ಲಿ ಹೋದರೆ ಮೊದಲು ದೊಡ್ಡ ನಗರಗಳಿಗೆ ಟಿವಿ ಗೋಪುರ, ನಂತರ ಜಿಲ್ಲಾ ಕೇಂದ್ರಗಳಿಗೆ. ಒಂದು ಗೋಪುರದ ಸಿಗ್ನಲ್ ಕೆಲವು ಹತ್ತು ಕಿಲೋಮೀಟರ್ ಮಾತ್ರ ಹೋಗುತ್ತದೆ. ದೂರದ ಹಳ್ಳಿಯ ಸರದಿ ಬರುವಷ್ಟರಲ್ಲಿ ದಶಕಗಳೇ ಕಳೆಯುತ್ತವೆ. ಉಪಗ್ರಹಕ್ಕೆ ಆ ಸರದಿ ಇಲ್ಲ. ಅದರ ಕಣ್ಣಿಗೆ ದೆಹಲಿಯೂ ಒಂದೇ, ರಾಯಚೂರಿನ ಹಳ್ಳಿಯೂ ಒಂದೇ. ಕೃಷಿ, ಆರೋಗ್ಯ, ಶಾಲೆಯ ಪಾಠ ಎಲ್ಲಿ ಹೆಚ್ಚು ಬೇಕಾಗಿದೆಯೋ ಅಲ್ಲಿಂದಲೇ ಶುರು ಮಾಡಬಹುದು. ಶ್ರೀಮಂತ ದೇಶಗಳೊಡನೆ ಚಂದ್ರನಿಗೆ ಹೋಗುವ ಪೈಪೋಟಿ ನಮಗೆ ಬೇಡ, ಆದರೆ ನಮ್ಮ ಜನರ ಸಮಸ್ಯೆಗೆ ತಂತ್ರಜ್ಞಾನ ಬಳಸುವುದರಲ್ಲಿ ಹಿಂದೆ ಬೀಳಬಾರದು ಎಂಬುದು ಅವರ ನಿಲುವಾಗಿತ್ತು.

ಮಾತಿನಲ್ಲೇ ನಿಲ್ಲಲಿಲ್ಲ. 1967ರ ಜನವರಿಯಲ್ಲಿ ದೆಹಲಿ ಸುತ್ತಲಿನ ಸುಮಾರು 80 ಹಳ್ಳಿಗಳಲ್ಲಿ ಸಾಮೂಹಿಕ ಟಿವಿ ಇಟ್ಟು ಕೃಷಿ ದರ್ಶನ ಕಾರ್ಯಕ್ರಮ ಶುರುವಾಯಿತು. ಅದೇ ವರ್ಷ ಅಹಮದಾಬಾದಿನಲ್ಲಿ ಪ್ರಾಯೋಗಿಕ ಉಪಗ್ರಹ ಭೂಕೇಂದ್ರ ಸಿದ್ಧವಾಯಿತು. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು. ಅದಾದ ಒಂದು ತಿಂಗಳಿಗೆ, ಸೆಪ್ಟೆಂಬರ್ 18ರಂದು, ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಉಪಗ್ರಹ ಅವರದು, ಒಂದು ವರ್ಷ ಬಳಕೆಗೆ ನಮಗೆ. ಕಾರ್ಯಕ್ರಮ, ಆಂಟೆನಾ, ಟಿವಿ ಪೆಟ್ಟಿಗೆ, ಅದನ್ನು ನಡೆಸುವ ಹೊಣೆ ಎಲ್ಲ ನಮ್ಮದು. ಇದೇ ಸೈಟ್ ಯೋಜನೆ.

ಕೋವಳಂನ ಆ ರಾತ್ರಿ

1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಸ್ಥಾನವೂ ಸಾರಾಭಾಯಿ ಹೆಗಲಿಗೆ ಬಂತು. ಅಹಮದಾಬಾದ್, ಮುಂಬಯಿ, ದೆಹಲಿ, ತುಂಬಾ ಎಂದು ಅವರ ದಿನಗಳು ವಿಮಾನಗಳಲ್ಲೇ ಕಳೆಯುತ್ತಿದ್ದವು. 1971ರ ಡಿಸೆಂಬರ್ ಕೊನೆಯಲ್ಲಿ ತುಂಬಾದ ಕೆಲಸಕ್ಕೆಂದು ಬಂದವರು ಕೋವಳಂನಲ್ಲಿ ಉಳಿದಿದ್ದರು. 30ರಂದು ಅಲ್ಲಿಯೇ, ನಿದ್ದೆಯಲ್ಲೇ ತೀರಿಹೋದರು. ವಯಸ್ಸು 52.

ಅವರ ಸಾವಿನ ಬಗ್ಗೆ ವಾಟ್ಸಾಪ್‌ನಲ್ಲಿ ಹಲವು ಸಂಚಿನ ಕಥೆಗಳು ಓಡಾಡುತ್ತವೆ. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ ಎಂಬುದು ನಿಜ. ಆದರೆ ಪರೀಕ್ಷೆ ನಡೆಯದಿರುವುದೇ ಕೊಲೆಗೆ ಸಾಕ್ಷಿಯಾಗುವುದಿಲ್ಲ. ವರ್ಷಗಟ್ಟಲೆ ಎರಡು ಮೂರು ಜನರ ಕೆಲಸವನ್ನು ಒಬ್ಬರೇ ಹೊತ್ತಿದ್ದರು ಎಂಬುದಂತೂ ದಾಖಲೆಯಲ್ಲಿದೆ.

ರಾಯಚೂರಿನ ಹಳ್ಳಿಗೆ ಬಂದ ಟಿವಿ

ಸಾರಾಭಾಯಿ ಇಲ್ಲದಿದ್ದರೂ ಯೋಜನೆ ನಿಲ್ಲಲಿಲ್ಲ. ಇಸ್ರೋ ಹೊಣೆಯನ್ನು ಸತೀಶ್ ಧವನ್ ಹೊತ್ತರು. ಯು.ಆರ್. ರಾವ್ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಕಟ್ಟಿತು. ನಾಸಾದ ಎಟಿಎಸ್-6 ಉಪಗ್ರಹವನ್ನು ಪೂರ್ವ ಆಫ್ರಿಕಾದ ನೇರಕ್ಕೆ, 35 ಡಿಗ್ರಿ ಪೂರ್ವ ರೇಖಾಂಶಕ್ಕೆ ಸರಿಸಲಾಯಿತು. ಅದರ ಕೊಡೆಯಂಥ ಆಂಟೆನಾದ ಅಗಲ ಸುಮಾರು 9 ಮೀಟರ್.

1975ರ ಆಗಸ್ಟ್ 1ರಂದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಪ್ರಸಾರ ಶುರುವಾಯಿತು. ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಆಗಿನ್ನೂ ಬೆಂಗಳೂರಿನಲ್ಲಿ ದೂರದರ್ಶನ ಇರಲಿಲ್ಲ! ರಾಜಧಾನಿಗಿಂತ ಮೊದಲೇ ಹೈದರಾಬಾದ್ ಕರ್ನಾಟಕದ ಹಳ್ಳಿಗಳ ಜನ ಕನ್ನಡದ ಕಾರ್ಯಕ್ರಮವನ್ನು ಟಿವಿಯಲ್ಲಿ ನೋಡಿದರು. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯ, 3 ಮೀಟರ್ ಅಗಲದ ಆಂಟೆನಾ. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ, ದಿನಕ್ಕೆ ಒಟ್ಟು ನಾಲ್ಕು ಗಂಟೆ.

ಫಲ ಏನಾಯಿತು? ಸಂವಹನ ಓದುವವರಿಗೆ ಸೈಟ್ ಇಂದಿಗೂ ದೊಡ್ಡ ಪಾಠ, ಏಕೆಂದರೆ ಅದರ ಪರಿಣಾಮವನ್ನು ಆಗಲೇ ಹಳ್ಳಿಗಳಿಗೆ ಹೋಗಿ ಅಳೆದಿದ್ದರು. ಆರೋಗ್ಯ, ಕುಟುಂಬ ಯೋಜನೆಯ ತಿಳಿವಳಿಕೆ ಹೆಚ್ಚಿತ್ತು, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಮತ್ತು ಓದು ಬರಹ ಬಾರದವರಲ್ಲಿ. ಶಾಲೆಯ ಹಾಜರಾತಿಯಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಟಿವಿ ಬಂದ ಕೂಡಲೇ ಹಳ್ಳಿ ಬದಲಾಗುತ್ತದೆ ಎಂಬ ನಂಬಿಕೆ ಅಲ್ಲಿಗೇ ಸಡಿಲವಾಯಿತು. 1976ರ ಜುಲೈ 31ಕ್ಕೆ ಒಪ್ಪಂದದ ವರ್ಷ ಮುಗಿಯಿತು. ಉಪಗ್ರಹ ಹಿಂದಕ್ಕೆ ಹೋಯಿತು, ಪ್ರಸಾರ ನಿಂತಿತು. ಸ್ವಂತ ಉಪಗ್ರಹ ಏಕೆ ಬೇಕು ಎಂಬುದಕ್ಕೆ ಬೇರೆ ಸಮರ್ಥನೆ ಬೇಕಿರಲಿಲ್ಲ.

ಹಾಸನದಲ್ಲಿ ಕೂತು ಉಪಗ್ರಹ ಕಾಯುವವರು

1981ರ ಜೂನ್ 19ರಂದು ನಮ್ಮದೇ ಮೊದಲ ಭೂಸ್ಥಿರ ಸಂವಹನ ಉಪಗ್ರಹ ಆಪಲ್ ಯುರೋಪಿನ ಏರಿಯಾನ್ ರಾಕೆಟ್‌ನಲ್ಲಿ ಮೇಲೇರಿತು. ಇದನ್ನು ಎತ್ತಿನ ಗಾಡಿಯ ಮೇಲೆ ಇಟ್ಟ ಫೋಟೋ ನೀವು ನೋಡಿರುತ್ತೀರಿ. ಲಾರಿಗೆ ದುಡ್ಡಿಲ್ಲದೆ ಹಾಗೆ ಸಾಗಿಸಿದರು ಎಂಬುದು ತಪ್ಪು ತಿಳಿವಳಿಕೆ. ಆಂಟೆನಾ ಪರೀಕ್ಷೆಗೆ ಬಯಲಿನಲ್ಲಿ ಇಡಬೇಕಿತ್ತು, ಲಾರಿಯ ಲೋಹ ಅದಕ್ಕೆ ಅಡ್ಡಿ ಮಾಡುತ್ತಿತ್ತು. ಮರದ ಗಾಡಿಯಲ್ಲಿ ಆ ತೊಂದರೆ ಇಲ್ಲ. ಆಪಲ್‌ನ ಎರಡು ಸೌರ ಫಲಕಗಳಲ್ಲಿ ಒಂದು ತೆರೆದುಕೊಳ್ಳಲಿಲ್ಲ, ಆದರೂ ಸುಮಾರು 27 ತಿಂಗಳು ದುಡಿಯಿತು.

ಭೂಸ್ಥಿರ ಎಂಬ ಹೆಸರಿದ್ದರೂ ಈ ಉಪಗ್ರಹಗಳು ತಮ್ಮಷ್ಟಕ್ಕೆ ಸ್ಥಿರವಾಗಿ ಇರುವುದಿಲ್ಲ. ಸೂರ್ಯ, ಚಂದ್ರರ ಸೆಳೆತಕ್ಕೆ ಕಕ್ಷೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿಯಷ್ಟು ಉತ್ತರ ದಕ್ಷಿಣಕ್ಕೆ ವಾಲುತ್ತದೆ. ಭೂಮಿಯ ಸಮಭಾಜಕ ಪೂರ್ತಿ ದುಂಡಗಿಲ್ಲದ ಕಾರಣ ಪೂರ್ವ ಪಶ್ಚಿಮಕ್ಕೂ ಜಾರುತ್ತದೆ. ನೆಲದಲ್ಲಿರುವವರು ಆಗಾಗ ಆದೇಶ ಕಳಿಸಿ, ಉಪಗ್ರಹದ ಪುಟ್ಟ ರಾಕೆಟ್‌ಗಳನ್ನು ಉರಿಸಿ, ಸಾಮಾನ್ಯವಾಗಿ 0.1 ಡಿಗ್ರಿ ಆಚೆ ಈಚೆಯ ಮಿತಿಯಲ್ಲಿ ಅದನ್ನು ಹಿಡಿದಿಡಬೇಕು. ಅಷ್ಟು ಎತ್ತರದಲ್ಲಿ ಅದು ಸುಮಾರು 150 ಕಿಲೋಮೀಟರ್ ಅಗಲದ ಚೌಕ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ಸುಮಾರು ಒಂದೂವರೆ ತಿಂಗಳು ಉಪಗ್ರಹ ಪ್ರತಿ ರಾತ್ರಿ ಭೂಮಿಯ ನೆರಳಿಗೆ ಬರುತ್ತದೆ, ಗರಿಷ್ಠ ಸುಮಾರು 70 ನಿಮಿಷ. ಆಗ ಬಿಸಿಲಿಲ್ಲ, ಬ್ಯಾಟರಿಯಲ್ಲೇ ನಡೆಯಬೇಕು. ಅದೇ ದಿನಗಳ ಸುಮಾರಿಗೆ ಹಗಲಿನಲ್ಲಿ ಕೆಲವು ನಿಮಿಷ ಡಿಶ್ ಟಿವಿ ಚಿತ್ರ ಕೆಡುವುದಕ್ಕೆ ಕಾರಣ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುವುದು. ಅದು ನಿಮ್ಮ ಡಿಶ್‌ನ ದೋಷವಲ್ಲ.

ಈ ಕಾವಲು ಕೆಲಸಕ್ಕೆಂದು 1982ರಲ್ಲಿ ಹಾಸನದಲ್ಲಿ ಪ್ರಧಾನ ನಿಯಂತ್ರಣ ಕೇಂದ್ರ ಶುರುವಾಯಿತು. ಆರಂಭವೇ ಕಹಿ. ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ದಿಕ್ಕು ತಪ್ಪಿ, ಇಂಧನ ಖಾಲಿಯಾಗಿ, ಸೆಪ್ಟೆಂಬರ್ ಹೊತ್ತಿಗೆ ಕೈಬಿಟ್ಟುಹೋಯಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಸೌರ ಫಲಕವೂ ಮೊದಲು ಬಿಚ್ಚಿಕೊಳ್ಳಲಿಲ್ಲ. ಎಂಜಿನಿಯರ್‌ಗಳು ದಿನಗಟ್ಟಲೆ ಪಟ್ಟು ಹಿಡಿದು ಬಿಡಿಸಿದರು. ಏಳು ವರ್ಷದ ಲೆಕ್ಕದಲ್ಲಿ ಮಾಡಿದ್ದ ಅದು ಆ ಅವಧಿಯನ್ನು ಪೂರೈಸಿತು. ದೇಶದ ತುಂಬ ದೂರದರ್ಶನ ಹರಡಿದ್ದು, ಚಂಡಮಾರುತದ ಮೋಡಗಳ ಚಿತ್ರ ಆಕಾಶದಿಂದ ಸಿಗತೊಡಗಿದ್ದು ಅದರಿಂದಲೇ.

ಉಪಗ್ರಹದ ಆಯಸ್ಸನ್ನು ಹೆಚ್ಚಾಗಿ ತೀರ್ಮಾನಿಸುವುದು ಅದರ ಟ್ಯಾಂಕಿನಲ್ಲಿ ಉಳಿದ ಇಂಧನ. ಯಂತ್ರಗಳೆಲ್ಲ ಚೆನ್ನಾಗಿದ್ದರೂ ಇಂಧನ ಮುಗಿದರೆ ಜಾಗದಲ್ಲಿ ನಿಲ್ಲಿಸಲಾಗದು. ಹಾಗಾಗಿ ಕೊನೆಯ ಸ್ವಲ್ಪ ಇಂಧನ ಉಳಿಸಿಕೊಂಡು, ಅದನ್ನು ಸುಮಾರು 300 ಕಿಲೋಮೀಟರ್ ಮೇಲಕ್ಕೆ ತಳ್ಳಿ, ಸ್ವಿಚ್ ಆಫ್ ಮಾಡುತ್ತಾರೆ. ಮುಂದೆ ಬರುವ ಉಪಗ್ರಹಕ್ಕೆ ಜಾಗ ತೆರವಾಗಬೇಕಲ್ಲ.

ಕನಸು ನಿಜವಾಯಿತೇ?

ಅರ್ಧ ಮಾತ್ರ ಎನ್ನಬೇಕು. ಸಾರಾಭಾಯಿ ಬಯಸಿದ್ದು ಹಳ್ಳಿಯ ರೈತ, ಶಿಕ್ಷಕಿ, ಬಾಣಂತಿಗೆ ಬೇಕಾದ ಮಾಹಿತಿ. ಉಪಗ್ರಹ ಬಂದ ಮೇಲೆ ಹೆಚ್ಚು ಹರಿದದ್ದು ಧಾರಾವಾಹಿ, ಕ್ರಿಕೆಟ್, ಜಾಹೀರಾತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು, ನಮ್ಮ ಚಾಮರಾಜನಗರದ ಶಾಲೆಗಳಿಗೂ ಪಾಠ ತಲುಪಿಸಿತು. ಆದರೆ ಕರೆಂಟ್ ಇಲ್ಲದ, ಕೆಟ್ಟ ಉಪಕರಣ ರಿಪೇರಿಯಾಗದ ಶಾಲೆಗೆ ಯಾವ ಉಪಗ್ರಹವೂ ಪಾಠ ಮಾಡಲಾರದು. ತಂತ್ರಜ್ಞಾನದ ಜೊತೆಗೆ ಬಳಸುವವರ ವ್ಯವಸ್ಥೆಯೂ ಸಿದ್ಧವಾಗಬೇಕು ಎಂದು ಅವರು ಗಿರಣಿಗಳಲ್ಲಿ ಕಲಿತ ಪಾಠ ಇಲ್ಲಿಯೂ ಸತ್ಯ.

ಇನ್ನರ್ಧ ನಿಜವಾಗಿದೆ. ಚಂಡಮಾರುತ ಬರುವ ಮುಂಚೆಯೇ ಮೀನುಗಾರರಿಗೆ ಸಿಗುವ ಎಚ್ಚರಿಕೆಯಲ್ಲಿ, ಗೋಪುರದ ಸಿಗ್ನಲ್ ಮುಟ್ಟದ ಊರಿನ ಮನೆಯಲ್ಲಿ ಬರುವ ಕನ್ನಡ ವಾರ್ತೆಯಲ್ಲಿ ಅವರ ಲೆಕ್ಕ ಇಂದಿಗೂ ಕೆಲಸ ಮಾಡುತ್ತಿದೆ. ಮುಂದಿನ ಸಲ ತಾರಸಿಗೆ ಹೋದಾಗ ಡಿಶ್ ಯಾವ ಕಡೆ ನೋಡುತ್ತಿದೆ ಎಂದು ಮಕ್ಕಳಿಗೆ ತೋರಿಸಿ. ಏಕೆ ಎಂದು ಅವರು ಕೇಳಿದರೆ, ಹೇಳಲು ಈಗ ನಿಮ್ಮ ಹತ್ತಿರ ಒಂದು ಕಥೆಯಿದೆ.